ಹೆಬ್ಬಾತಿಗೊಂದು ಉತಾರ

ಎಳ್ಳ ಅಮಾವಾಸ್ಯೆಗೆ ಇನ್ನೆರಡು ದಿನ ಇತ್ತು. ಬೆಂಗಳೂರಿನಿಂದ ರಾತ್ರಿ ಹೊರಟು, ಬೆಳಗಿನ ಜಾವ ಗದಗಿನಲ್ಲಿ ಇಳಿದು, ಲಕ್ಷ್ಮೇಶ್ವರದ ಬಸ್ಸು ಹಿಡಿದು ಊರಿಗೆ ಬಂದ ಆತನಿಗೆ ಮನೆ ಮುಟ್ಟುವ ಮೊದಲೇ ಗುಡಿಕಟ್ಟೆಯ ಮೇಲೆ ಗದ್ದಲ ಕೇಳಿಸಿತು. ಹತ್ತು ಹದಿನೈದು ಜನ ಹಿರಿಯರು ಕೂತಿದ್ದರು. ನಡುವೆ ಹೆಗಲ ಮೇಲೆ ಕಂಬಳಿ ಹಾಕಿಕೊಂಡ ಒಬ್ಬ ಕುರಿಗಾರ ನಿಂತಿದ್ದ. ಅವನ ಎದುರಿಗೆ ಕಡಲೆ ಹೊಲದ ಯಜಮಾನರು, ಕೈಯಲ್ಲಿ ಒಂದು ಹಿಡಿ ಕಡಲೆ ಗಿಡ ಹಿಡಿದುಕೊಂಡು, ಸಿಟ್ಟಿನಿಂದ ನಡುಗುತ್ತಿದ್ದರು. ಗಿಡಗಳ ಕುಡಿಗಳೆಲ್ಲ ಮಾಯವಾಗಿದ್ದವು.

“ಒಂದ ರಾತ್ರ್ಯಾಗ ಅರ್ಧ ಎಕರೆ ಬೋಳಿಸ್ಯಾನ. ನಿಂದ ಕುರಿ ಅಲ್ಲಂದ್ರ ಮತ್ಯಾರದ?”

“ಯಪ್ಪಾ, ನನ್ನ ಕುರಿ ಬಲಿಯೊಳಗಿಂದ ಹೊರಗ ಬಂದಿಲ್ರಿ. ದೇವರಾಣಿ.”

ಈ ಊರು ಮಾಗಡಿ ಕೆರೆಯ ಮಗ್ಗುಲಲ್ಲಿದೆ. ಮಾಗಡಿ ಎಂದರೆ ಬೆಂಗಳೂರಿನವರಿಗೆ ಕೆಂಪೇಗೌಡರ ಮಾಗಡಿ ನೆನಪಾಗುತ್ತದೆ. ಇದು ಬೇರೆ. ಶಿರಹಟ್ಟಿಯಿಂದ ಸುಮಾರು 8 ಕಿಲೋಮೀಟರು, ಲಕ್ಷ್ಮೇಶ್ವರದಿಂದ 11, ಗದಗದಿಂದ 26 ಕಿಲೋಮೀಟರು ದೂರದ ಮಾಗಡಿ. ನೀರಾವರಿಗೆಂದು ಹಿಂದಿನವರು ಕಟ್ಟಿಸಿದ, ಐವತ್ತು ಹೆಕ್ಟೇರಿನ ಆಸುಪಾಸಿನ ಕೆರೆ. ಚಳಿಗಾಲ ಬಂತೆಂದರೆ ಅದರ ನೀರು ಕಾಣದಷ್ಟು ಹಕ್ಕಿಗಳು. ಅವುಗಳಲ್ಲಿ ಹಿರಿಯ ಅತಿಥಿ, ನೆತ್ತಿಯ ಮೇಲೆ ಎರಡು ಕರಿ ಪಟ್ಟೆ ಎಳೆದುಕೊಂಡು ಬರುವ ಪಟ್ಟೆತಲೆಯ ಹೆಬ್ಬಾತು. ಮಂಗೋಲಿಯಾ, ಟಿಬೆಟ್ಟಿನ ಕಡೆ ಮರಿ ಮಾಡಿ, ಹಿಮಾಲಯ ದಾಟಿ, ದಕ್ಷಿಣ ಭಾರತದಲ್ಲಿ ಚಳಿಗಾಲ ಕಳೆಯುವ ಈ ಹಕ್ಕಿಗೆ ಮಾಗಡಿ ದೊಡ್ಡ ತಂಗುದಾಣಗಳಲ್ಲಿ ಒಂದು. 2024ರಲ್ಲಿ ಈ ಕೆರೆ ರಾಮ್ಸಾರ್ ಒಪ್ಪಂದದ ಪಟ್ಟಿಗೆ ಸೇರಿ, ಜಗತ್ತಿನ ಮಹತ್ವದ ಜೌಗು ನೆಲೆಗಳಲ್ಲಿ ಒಂದೆನಿಸಿತು. ಇಲ್ಲಿ ಕಂಡ ಹಕ್ಕಿಗಳ ಜಾತಿ 166 ಎಂದೂ, ಅವುಗಳಲ್ಲಿ 130 ವಲಸೆ ಬರುವವೆಂದೂ ಆಗ ಲೆಕ್ಕ ಕೊಟ್ಟರು.

ಕೆರೆಯ ಉಳಿದ ಹಕ್ಕಿಗಳಲ್ಲಿ ಹಲವು ಮೀನು ಹುಳು ತಿಂದುಕೊಂಡಿರುತ್ತವೆ. ಹೆಬ್ಬಾತು ಹಾಗಲ್ಲ. ಅದು ಒಕ್ಕಲಿಗನ ಪಂಕ್ತಿಯಲ್ಲೇ ಊಟಕ್ಕೆ ಕೂರುವ ಹಕ್ಕಿ. ಹಗಲೆಲ್ಲ ನೀರಿನ ಮೇಲೆ ತೂಕಡಿಸುತ್ತದೆ. ಹೊತ್ತು ಮುಳುಗಿದ ಮೇಲೆ ಗುಂಪುಗುಂಪಾಗಿ ಎದ್ದು ಎರೆಹೊಲಗಳಿಗೆ ಇಳಿಯುತ್ತದೆ. ಶೇಂಗಾ ಇದ್ದರೆ ಶೇಂಗಾ, ಕಡಲೆ ಇದ್ದರೆ ಕಡಲೆ. ಬೆಳಕು ಹರಿಯುವ ಮೊದಲು ಮತ್ತೆ ಕೆರೆ. ಕತ್ತಲಲ್ಲಿ ಬಂದು ಕತ್ತಲಲ್ಲೇ ಹೋಗುವ ಅತಿಥಿ.

ಚಳಿಗಾಲದಲ್ಲಿ ಈ ಸೀಮೆಗೆ ಬರುವ ಇನ್ನೊಬ್ಬ ಅತಿಥಿ ಕುರಿಗಾರ. ಕಟ್ಟೆಯ ಮೇಲೆ ನಿಂತಿದ್ದವನು ಮುಂಡರಗಿ ಕಡೆಯವನು. ಕಪ್ಪತಗುಡ್ಡದ ಮಗ್ಗುಲಿನಿಂದ ಹೊರಟು, ಮೇವು ನೀರು ಇದ್ದಲ್ಲಿ ಮಂದೆ ಹೊಡೆದುಕೊಂಡು ಬಂದವನು. ಬೆಳೆ ತೆಗೆದ ಹೊಲದಲ್ಲಿ ಅವನಿಂದ ಕುರಿ ತರುಬಿಸಿಕೊಳ್ಳುತ್ತಾರೆ. ರಾತ್ರಿ ಬಲೆಯೊಳಗೆ ಮಂದೆ ಮಲಗಿದರೆ ಹಿಕ್ಕೆ ಗಂಜಳ ಹೊಲಕ್ಕೆ ಸೇರುತ್ತದೆ, ಹೊಲದವರು ಅದಕ್ಕೆ ಕಾಳೋ ರೊಕ್ಕವೋ ಕೊಡುತ್ತಾರೆ. ಹಸಿರು ಇರುವ ಹೊಲಕ್ಕೆ ಮಾತ್ರ ಕುರಿ ಬಾಯಿ ಹಾಕಬಾರದು. ಹಾಕಿತೆಂದರೆ ದಂಡ. ದಂಡಕ್ಕಿಂತ ದೊಡ್ಡದು, ಹೋದ ಮಾತು. ಒಂದು ಊರಿನಲ್ಲಿ ಕಳ್ಳನೆನಿಸಿಕೊಂಡ ಕುರಿಗಾರನನ್ನು ಮುಂದಿನ ಊರು ಹೊಲಕ್ಕೆ ಕರೆಯುವುದಿಲ್ಲ.

ಆದ್ದರಿಂದ ಅಂದಿನ ಪ್ರಶ್ನೆ ಒಂದೇ ಆಗಿತ್ತು. ನಿನ್ನೆ ರಾತ್ರಿ ಆ ಹೊಲದಲ್ಲಿ ಯಾರಿದ್ದರು?

ಪ್ರಶ್ನೆ ಎಷ್ಟು ಸಣ್ಣದು! ಆದರೆ ಅದಕ್ಕೆ ಉತ್ತರ ಕೊಡುವ ದಫ್ತರ ಇಡೀ ಸರಕಾರದಲ್ಲಿ ಇಲ್ಲ. ಆ ಹೊಲ ಯಾರದೆಂದು ಕೇಳಿ, ಉತಾರ ಹೇಳುತ್ತದೆ. ಸರ್ವೆ ನಂಬರು, ಹಿಸ್ಸಾ, ಎಕರೆ ಗುಂಟೆ, ಆಕಾರ, ಬೆಳೆ, ಸಾಲ ಎಲ್ಲ ಅದರಲ್ಲಿವೆ. ಈ ಶತಮಾನದ ಆರಂಭದಲ್ಲಿ ‘ಭೂಮಿ’ ಯೋಜನೆಯಲ್ಲಿ ಕರ್ನಾಟಕದ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಹೋದವು. ತಲಾಠಿಯ ಗಂಟಿನಲ್ಲಿದ್ದುದು ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ ಸಿಗತೊಡಗಿತು. ಅದು ಸಾಧ್ಯವಾದುದು ಹೊಲ ಕದಲುವುದಿಲ್ಲ ಎಂಬ ಒಂದೇ ಕಾರಣಕ್ಕೆ. 1997ರಲ್ಲಿ ಧಾರವಾಡದಿಂದ ಬೇರೆಯಾಗಿ ಗದಗ ಜಿಲ್ಲೆಯಾಯಿತು. ಆಮೇಲೆ ಶಿರಹಟ್ಟಿಯಿಂದ ಬೇರೆಯಾಗಿ ಲಕ್ಷ್ಮೇಶ್ವರ ತಾಲ್ಲೂಕಾಯಿತು. ಕಾಗದದ ಮೇಲಿನ ಗಡಿಗಳು ಓಡಾಡಿದವೇ ಹೊರತು ಹೊಲ ಇದ್ದಲ್ಲೇ ಇತ್ತು.

ಆದರೆ ಕುರಿ? ಹೆಬ್ಬಾತು? ಬಸ್ಸು? ಇವುಗಳ ಉತಾರ ಬರೆಯುವುದು ಹೇಗೆ? ಬರೆದ ಶಾಯಿ ಆರುವುದರೊಳಗೆ ಅವು ಬೇರೆ ಕಡೆ ಇರುತ್ತವೆ.

ಕಟ್ಟೆಯ ಮಗ್ಗುಲಲ್ಲಿ ಚೀಲ ಇಳಿಸಿ ನಿಂತ ಆತನ ಹೊಟ್ಟೆಪಾಡೇ ಇದಾಗಿತ್ತು. ಬೆಂಗಳೂರಿನಲ್ಲಿ ಆತ ಲಾರಿಗಳ ಓಡಾಟದ ಲೆಕ್ಕ ಇಡುವ ಒಂದು ಕಂಪನಿಯಲ್ಲಿದ್ದ. ಲಾರಿಯೊಳಗಿನ ಸಣ್ಣ ಪೆಟ್ಟಿಗೆಯೊಂದು ಉಪಗ್ರಹಗಳಿಂದ ತನ್ನ ಜಾಗ ತಿಳಿದುಕೊಂಡು ಆಗಾಗ ಕಂಪನಿಗೆ ಸುದ್ದಿ ಕಳಿಸುತ್ತದೆ. ಇಂಥ ಲಾರಿ, ಇಂಥ ಹೊತ್ತು, ಇಷ್ಟು ಅಕ್ಷಾಂಶ, ಇಷ್ಟು ರೇಖಾಂಶ. ಅಂತಹ ಕೋಟಿಗಟ್ಟಲೆ ಸಾಲುಗಳನ್ನು ಡೇಟಾಬೇಸಿನಲ್ಲಿ ತುಂಬಿ, ಕೇಳಿದ್ದಕ್ಕೆ ಥಟ್ಟನೆ ಉತ್ತರ ಬರುವಂತೆ ಮಾಡುವುದು ಆತನ ಕೆಲಸ. ಮಗ ಏನು ಮಾಡುತ್ತಾನೆಂದು ಯಾರಾದರೂ ಕೇಳಿದರೆ ಅವನ ತಂದೆ, “ಹಗೇವು ಕಾಯ್ತಾನ್ರಿ” ಎನ್ನುತ್ತಿದ್ದರು. ಮಾತು ಸುಳ್ಳೂ ಅಲ್ಲ. ಜೋಳ ಹಗೇವಿಗೆ ಹಾಕುವುದು ಸುಲಭ. ಬೇಕಾದಾಗ ಬೇಕಾದ ಜೋಳ ಕೆಡದೆ ಮೇಲೆ ಬರಬೇಕು, ಜಾಣತನವೆಲ್ಲ ಅದರಲ್ಲಿದೆ.

ಈ ಜಾಣತನ ನಮ್ಮ ಹಳ್ಳಿಯ ಬಸ್‌ಸ್ಟ್ಯಾಂಡಿನಲ್ಲಿ ಎಲ್ಲರಿಗೂ ಇದೆ. ಬಸ್ಸು ಎಂಟಕ್ಕೆ ಗದಗ ಬಿಟ್ಟಿದೆ ಎಂದು ಯಾರೋ ಫೋನು ಮಾಡಿ ಹೇಳಿದರೆ, ಕಾಯುವ ಮುದುಕಿ ಕೂಡ ಈಗ ಅದು ಎಲ್ಲಿರಬಹುದೆಂದು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಾಳೆ. ನಿಮಿಷಕ್ಕೊಮ್ಮೆ ಯಾರೂ ಸುದ್ದಿ ಕೊಡಬೇಕಾಗಿಲ್ಲ. ಬಸ್ಸು ಕೆಟ್ಟು ನಿಂತರೆ ಮಾತ್ರ ಹೊಸ ಸುದ್ದಿ ಬೇಕು. ಅಮೆರಿಕದ ಷಿಕಾಗೋದಲ್ಲಿ ಊರಿ ವುಲ್ಫ್‌ಸನ್ ಮತ್ತು ಅವರ ಸಂಗಡಿಗರು 1997ರ ಸುಮಾರಿಗೆ ಕಂಪ್ಯೂಟರಿಗೆ ಕಲಿಸಿದ್ದು ಇದನ್ನೇ. ವಸ್ತು ಎಲ್ಲಿದೆ ಎಂದು ಮತ್ತೆ ಮತ್ತೆ ಬರೆದುಕೊಳ್ಳಬೇಡ. ಎಲ್ಲಿಂದ, ಯಾವ ದಿಕ್ಕಿಗೆ, ಎಷ್ಟು ವೇಗದಲ್ಲಿ ಹೊರಟಿದೆ ಎಂದು ಒಮ್ಮೆ ಬರೆದುಕೋ. ಲೆಕ್ಕ ತಪ್ಪಿದಾಗ ಮಾತ್ರ ತಿದ್ದಿಕೋ. 2000ದಲ್ಲಿ ಜರ್ಮನಿಯ ಹಾಗೆನ್ ವಿಶ್ವವಿದ್ಯಾಲಯದ ರಾಲ್ಫ್ ಹಾರ್ಟ್‌ಮುಟ್ ಗ್ಯೂಟಿಂಗ್ ಮತ್ತು ಜೊತೆಗಾರರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಸಂಖ್ಯೆ, ಹೆಸರು, ತಾರೀಖು ಇದ್ದ ಹಾಗೆ ‘ಚಲಿಸುವ ಚುಕ್ಕೆ’ ಎಂಬುದನ್ನೂ ಡೇಟಾಬೇಸಿನ ಒಂದು ಸ್ವತಂತ್ರ ಸರಕಾಗಿ ಮಾಡಿದರು. ಅದಕ್ಕೆ ಹೊತ್ತು ಹೇಳಿದರೆ ಜಾಗ ಹೇಳುತ್ತದೆ. ಹೊಲ ತೋರಿಸಿದರೆ ಯಾವ ಹೊತ್ತಿಗೆ ಅಲ್ಲಿತ್ತೆಂದು ಹೇಳುತ್ತದೆ.

ಕೋಟಿ ಸಾಲುಗಳಲ್ಲಿ ಬೇಕಾದ್ದನ್ನು ಹುಡುಕುವ ಯುಕ್ತಿಯೂ ನಮಗೆ ಹೊಸದಲ್ಲ. ಒಂದು ಹೊಲ ಹುಡುಕಲು ನಾವು ಇಡೀ ರಾಜ್ಯ ಅಲೆಯುವುದಿಲ್ಲ. ಜಿಲ್ಲೆ, ಅದರೊಳಗೆ ತಾಲ್ಲೂಕು, ಅದರೊಳಗೆ ಊರು, ಅದರೊಳಗೆ ಸರ್ವೆ ನಂಬರು. 1984ರಲ್ಲಿ ಆಂಟೊನಿನ್ ಗಟ್‌ಮನ್ ಎಂಬಾತ ಹೀಗೆಯೇ ಡಬ್ಬಿಯೊಳಗೆ ಡಬ್ಬಿ ಇಡುವ ‘ಆರ್-ಟ್ರೀ’ ಎಂಬ ಸೂಚಿಯನ್ನು ಪ್ರಕಟಿಸಿದ. ಚಲಿಸುವ ವಸ್ತುವಿಗೆ ಆ ಡಬ್ಬಿಗೆ ಉದ್ದ ಅಗಲದ ಜೊತೆ ಹೊತ್ತೂ ಒಂದು ಮಗ್ಗುಲಾಗುತ್ತದೆ. ‘ಈ ಹೊಲ, ಆ ರಾತ್ರಿ’ ಎಂದು ಕೇಳಿದರೆ, ಅದಕ್ಕೆ ತಾಗದ ಡಬ್ಬಿಗಳನ್ನು ಕಂಪ್ಯೂಟರು ಮುಟ್ಟಿಯೂ ನೋಡುವುದಿಲ್ಲ.

ಕಟ್ಟೆಯ ಮೇಲಿನವರಿಗೆ ಇದೆಲ್ಲ ಬೇಕಿರಲಿಲ್ಲ. ಆದರೆ ಕುರಿಗಾರನ ಹತ್ತಿರ ಮಗಳು ಕೊಡಿಸಿದ ಒಂದು ಸ್ಮಾರ್ಟ್ ಫೋನು ಇತ್ತು. ಅದು ಯಾರೋ ಹುಡುಗನ ಕಣ್ಣಿಗೆ ಬಿತ್ತು. “ಫೋನಿನ್ಯಾಗ ಎಲ್ಲಾ ಇರತೈತಿ. ಇಂವಾ ಬೆಂಗಳೂರಾಗ ಅದ ಕೆಲಸ ಮಾಡ್ತಾನ, ನೋಡಿಸ್ರಿ” ಎಂದ. ಕುರಿಗಾರ ಎರಡು ಮಾತಾಡದೆ ಫೋನು ತೆಗೆದು ಆತನ ಕೈಗೆ ಕೊಟ್ಟ. “ನೋಡಪಾ ತಮ್ಮಾ. ನಾ ಸುಳ್ಳಾಡಿದ್ರ ಅದರಾಗ ಇರಬೇಕಲ್ಲ.”

ಫೋನಿನ ನಕಾಶೆಯಲ್ಲಿ ರಾತ್ರಿಯ ಎರಡೇ ಚುಕ್ಕೆಗಳಿದ್ದವು. ರಾತ್ರಿ 9 ಗಂಟೆ 40 ನಿಮಿಷಕ್ಕೆ ಮಂದೆ ತರುಬಿದ ಹೊಲದಲ್ಲಿ ಒಂದು. ಬೆಳಗಿನ ಜಾವ 4 ಗಂಟೆ 40 ನಿಮಿಷಕ್ಕೆ, ಎರಡು ಕಿಲೋಮೀಟರು ಆಚೆ, ಕುಡಿಯುವ ನೀರಿಗೆ ಹೋಗಿದ್ದ ಬಾವಿಯ ಹತ್ತಿರ ಇನ್ನೊಂದು. ನಡುವಿನ ಏಳು ತಾಸು ಫೋನು ಮಲಗಿತ್ತು. ಆ ಎರಡು ಚುಕ್ಕೆಗಳ ನಡುವೆ ಫೋನು ತಾನೇ ಒಂದು ನೆಟ್ಟನೆಯ ನೀಲಿ ಗೆರೆ ಎಳೆದಿತ್ತು.

ಆ ಗೆರೆ ಕಡಲೆ ಹೊಲದ ನಟ್ಟನಡುವೆ ಹಾದುಹೋಗಿತ್ತು.

“ನೋಡ್ರೆಪಾ ನೋಡ್ರಿ! ಗೆರಿ ನನ್ನ ಹೊಲದಾಗ ಹಾದೈತಿ!” ಎಂದು ಹೊಲದ ಯಜಮಾನರು ಕೂಗಿದರು. ಒಬ್ಬೊಬ್ಬರಾಗಿ ಎಲ್ಲರೂ ಬಗ್ಗಿ ನೋಡಿದರು. ಕುರಿಗಾರನೂ ನೋಡಿದ. ಅವನ ಮುಖ ಕಪ್ಪಿಟ್ಟಿತು. ತಾನು ನಡೆಯದ ದಾರಿಯಲ್ಲಿ ತನ್ನದೇ ಫೋನು ತನ್ನನ್ನು ನಡೆಸಿತ್ತು.

ಎಲ್ಲರಿಗಿಂತ ಹೆಚ್ಚು ಬೆವರಿದವನು ಬೆಂಗಳೂರಿನಿಂದ ಬಂದ ಆತ. ಆ ಗೆರೆ ಆತನಿಗೆ ಹಳೆಯ ಪರಿಚಯ. ಎರಡು ವರ್ಷದ ಹಿಂದೆ ಕಂಪನಿಯಲ್ಲಿ ಅಂತಹುದೇ ಗೆರೆ ಎಳೆಯುವ ಸಾಲುಗಳನ್ನು ಬರೆದವನು ಆತನೇ. ಲಾರಿ ಗುಡ್ಡದ ಮರೆಗೋ ಸಿಗ್ನಲ್ಲು ಇಲ್ಲದ ಕಡೆಗೋ ಹೋದಾಗ ಚುಕ್ಕೆಗಳ ನಡುವೆ ಖಾಲಿ ಬೀಳುತ್ತದೆ. ಖಾಲಿ ಇದ್ದರೆ ನಕಾಶೆ ಚೆಂದ ಕಾಣುವುದಿಲ್ಲ, ಗಿರಾಕಿಗಳು ಪ್ರಶ್ನೆ ಕೇಳುತ್ತಾರೆ. ಆದ್ದರಿಂದ ಚುಕ್ಕೆಗಳನ್ನು ಜೋಡಿಸಿಬಿಟ್ಟರೆ ಆಯಿತು. ಒಂದು ಸಲ ಹಾಗೆ ಜೋಡಿಸಿದ ಗೆರೆ, ಒಬ್ಬ ಡ್ರೈವರು ದಾರಿ ಬಿಟ್ಟು ಎಲ್ಲೋ ಹೋಗಿದ್ದನೆಂದು ತೋರಿಸಿತು. ಪಗಾರದಲ್ಲಿ ದುಡ್ಡು ಹಿಡಿದರು. ಡ್ರೈವರು ಕಚೇರಿಗೆ ಬಂದು, “ಆ ಹೊತ್ತು ಗಾಡಿ ಎಲ್ಲಿತ್ತು ಅಂತ ನಿಮ್ಮ ಕಂಪ್ಯೂಟರಿಗೆ ಗೊತ್ತಿಲ್ಲ ಸಾರ್, ನನಗೆ ಗೊತ್ತು. ಆದರೆ ನೀವು ಅದನ್ನೇ ಕೇಳ್ತೀರಿ” ಎಂದು ಹೇಳಿ ಹೋಗಿದ್ದ. ಆ ಮಾತು ಆಗ ಒಂದು ಕಿವಿಯಲ್ಲಿ ಬಂದು ಇನ್ನೊಂದರಲ್ಲಿ ಹೋಗಿತ್ತು. ಈಗ ಕಟ್ಟೆಯ ಮೇಲೆ ಅದು ತಿರುಗಿ ಬಂತು.

“ಕಾಕಾ, ಈ ಗೆರಿ ಸುಳ್ಳು” ಎಂದ ಆತ. “ಚುಕ್ಕಿ ಎರಡ ಖರೇ. ನಡುವಿನ ಗೆರಿ ಫೋನಿಂದು, ಇವರದಲ್ಲ.”

“ಹಂಗಾರ ಇಂವಾ ನಡುವ ಎಲ್ಲಿದ್ದ ಹೇಳು?”

“ಅದು ಇದಕ್ಕ ಗೊತ್ತಿಲ್ಲ.”

“ಗೊತ್ತಿಲ್ಲಂದ್ರ ಗೆರಿ ಯಾಕ ಎಳೀತು?”

ಈ ಪ್ರಶ್ನೆಗೆ ಆತನ ಬಳಿ ಉತ್ತರವಿರಲಿಲ್ಲ. ಬದಲಿಗೆ ಆತ ಹೆಬ್ಬಾತಿನ ಕಥೆ ಹೇಳಿದ.

ಹಕ್ಕಿ ಎಲ್ಲಿ ಹೋಗುತ್ತದೆಂದು ತಿಳಿಯಲು ಮೊದಲು ಇದ್ದುದು ಕಾಲಿನ ಉಂಗುರ. 1899ರಲ್ಲಿ ಡೆನ್ಮಾರ್ಕಿನ ಮಾಸ್ತರರೊಬ್ಬರು, ಮಾರ್ಟೆನ್‌ಸನ್ ಎಂಬುವರು, ನಂಬರು ಕೊರೆದ ಲೋಹದ ಉಂಗುರಗಳನ್ನು ಹಕ್ಕಿಗಳಿಗೆ ತೊಡಿಸಿ ಬಿಟ್ಟರು. ಬಿಟ್ಟ ಜಾಗ ಒಂದು ಚುಕ್ಕೆ, ಮತ್ತೆ ಸಿಕ್ಕ ಜಾಗ ಇನ್ನೊಂದು. ನಡುವಿನ ಸಾವಿರಾರು ಮೈಲಿ ಬರೀ ಊಹೆ. ಮುಂದೆ ಬೆನ್ನಿಗೆ ಕಟ್ಟುವ ಉಪಗ್ರಹ ಯಂತ್ರಗಳು ಬಂದವು. ಒಡಿಶಾದ ಚಿಲ್ಕಾ ಮತ್ತು ತಮಿಳುನಾಡಿನ ಕೂಂತನ್‌ಕುಳಂನಲ್ಲಿ ಹೆಬ್ಬಾತುಗಳನ್ನು ಹಿಡಿದು ಯಂತ್ರ ಕಟ್ಟಿ ಬಿಟ್ಟರು. ಮಂಗೋಲಿಯಾದಲ್ಲೂ ಹಾಗೆ ಮಾಡಿದರು. ಎವರೆಸ್ಟಿನ ನೆತ್ತಿಯ ಮೇಲೆ ಹಾರುವ ಹಕ್ಕಿ ಎಂದು ಅದಕ್ಕೆ ಮೊದಲಿನಿಂದಲೂ ಹೆಸರು. 2013ರಲ್ಲಿ ಪ್ರಕಟವಾದ ಲೆಕ್ಕದಲ್ಲಿ ಅತಿ ಎತ್ತರದ ಚುಕ್ಕೆ 7,290 ಮೀಟರಿನದು. ಬಹುಪಾಲು ಹಾರಾಟ ಅದಕ್ಕಿಂತ ಎಷ್ಟೋ ತಗ್ಗಿನದು.

ಒಮ್ಮೆ ಕಷ್ಟಪಟ್ಟು ಮೇಲೇರಿದ ಹಕ್ಕಿ ಅದೇ ಎತ್ತರದಲ್ಲಿ ನೆಟ್ಟಗೆ ಸಾಗುತ್ತದೆ ಎಂದು ಯಾರಿಗಾದರೂ ಅನಿಸುತ್ತದೆ. ಎರಡು ಚುಕ್ಕೆಗಳ ನಡುವೆ ಗೆರೆ ಎಳೆದರೂ ಹಾಗೆಯೇ ಕಾಣುತ್ತದೆ. ಆದರೆ ಮಂಗೋಲಿಯಾದ ಹೆಬ್ಬಾತುಗಳ ಮೈಯೊಳಗೆ ಎದೆಬಡಿತ, ಗಾಳಿಯ ಒತ್ತಡ ಬರೆದಿಡುವ ಯಂತ್ರ ಇಟ್ಟು ನೋಡಿದ ಅಧ್ಯಯನ 2015ರಲ್ಲಿ ಹೊರಬಂದಾಗ ಚಿತ್ರ ಬೇರೆಯಾಗಿತ್ತು. ಹೆಬ್ಬಾತು ಗುಡ್ಡ ಬಂದರೆ ಏರುತ್ತದೆ, ಕಣಿವೆ ಬಂದರೆ ಗಳಿಸಿದ ಎತ್ತರವನ್ನೆಲ್ಲ ಬಿಟ್ಟುಕೊಟ್ಟು ಇಳಿಯುತ್ತದೆ, ಮತ್ತೆ ಏರುತ್ತದೆ. ಮೇಲೆ ಗಾಳಿ ತೆಳು, ಅಲ್ಲಿ ರೆಕ್ಕೆ ಬಡಿಯುವುದು ದುಬಾರಿ. ಅದಕ್ಕಿಂತ ಇಳಿದು ಹತ್ತುವುದೇ ಅಗ್ಗ. ನೆಟ್ಟಗಿನ ಗೆರೆ ಎಳೆದವರು ಹಕ್ಕಿಯನ್ನು ಅದು ಹೋಗದ ಆಕಾಶದಲ್ಲಿ ಹಾರಿಸಿದ್ದರು.

“ಹಕ್ಕಿಗೇ ಹಂಗ ಅಂದ್ರ ಕುರಿಗಾರಗ ಹೆಂಗ?” ಎಂದರು ಹಿರಿಯರೊಬ್ಬರು.

ಆತ ಒಂದು ಕಡ್ಡಿ ತೆಗೆದುಕೊಂಡು ಕಟ್ಟೆಯ ಮುಂದಿನ ಮಣ್ಣಿನಲ್ಲಿ ಎರಡು ಚುಕ್ಕೆ ಇಟ್ಟ. ಮನುಷ್ಯ ತಾಸಿಗೆ ಮೂರು ಕಿಲೋಮೀಟರಿನಂತೆ ನಡೆದರೆ ಏಳು ತಾಸಿಗೆ ಇಪ್ಪತ್ತೊಂದು ಕಿಲೋಮೀಟರು. ಮೊದಲ ಚುಕ್ಕೆಯಿಂದ ಹೊರಟು, ಎಲ್ಲೆಲ್ಲೋ ತಿರುಗಿ, ಇಪ್ಪತ್ತೊಂದು ಕಿಲೋಮೀಟರಿನೊಳಗೆ ಎರಡನೆಯ ಚುಕ್ಕೆ ಮುಟ್ಟಬೇಕು. ಹಾಗೆ ಹೋಗಿ ಬರಲಾಗುವ ಜಾಗಗಳನ್ನೆಲ್ಲ ಗುರುತು ಮಾಡಿದರೆ ಗೆರೆ ಆಗುವುದಿಲ್ಲ, ಮೊಟ್ಟೆಯ ಆಕಾರ ಆಗುತ್ತದೆ. ಸ್ವೀಡನ್ನಿನ ಭೂಗೋಳ ಶಾಸ್ತ್ರಜ್ಞ ಟಾರ್ಸ್ಟನ್ ಹೇಗರ್‌ಸ್ಟ್ರಾಂಡ್ 1970ರಲ್ಲೇ ಇಂತಹ ವಿಚಾರ ಮುಂದಿಟ್ಟಿದ್ದರು. 1999ರಲ್ಲಿ ಡೀಟರ್ ಫೋಸರ್ ಮತ್ತು ಕ್ರಿಶ್ಚಿಯನ್ ಜೆನ್ಸನ್ ಎಂಬಿಬ್ಬರು ಅದೇ ಮೊಟ್ಟೆಯನ್ನು ಡೇಟಾಬೇಸಿನ ಚುಕ್ಕೆಗಳ ನಡುವೆ ಇಟ್ಟು ತೋರಿಸಿದರು. ಆತ ಅದನ್ನು ಕಡ್ಡಿಯಿಂದ ಎಳೆದ. ಕಡಲೆ ಹೊಲ ಅದರೊಳಗಿತ್ತು. ಮಾಗಡಿ ಕೆರೆ ಇತ್ತು. ಈ ಊರು, ಈ ಕಟ್ಟೆ, ಗುಡಿ ಇದ್ದವು. ಅತ್ತ ಶಿರಹಟ್ಟಿಯ ಪೇಟೆಯೂ ಒಳಗೆ ಬಂತು. ಲಕ್ಷ್ಮೇಶ್ವರ ಸ್ವಲ್ಪದರಲ್ಲಿ ತಪ್ಪಿಸಿಕೊಂಡಿತು.

“ಫೋನಿಗೆ ಗೊತ್ತಿರೋದು ಇಷ್ಟ. ಇವರು ಈ ತತ್ತಿಯೊಳಗ ಎಲ್ಲರೆ ಇದ್ದಿರಬಹುದು.”

“ಅಂದ್ರ ನಮ್ಮನಿನೂ ಅದರಾಗ ಐತಿ?” ಎಂದರು ಹೊಲದ ಯಜಮಾನರು.

“ಐತ್ರಿ ಕಾಕಾ.”

ಜನ ನಕ್ಕರು. ಸಿಟ್ಟು ಅರ್ಧ ಇಳಿಯಿತು. ಆದರೆ ಕುರಿಗಾರ ನಗಲಿಲ್ಲ. ಕಳ್ಳನಲ್ಲ ಎಂದು ತೋರಿಸಲು ಮೊಟ್ಟೆ ಸಾಲದು. ಮೊಟ್ಟೆ ಹೇಳುವುದು ಗೊತ್ತಿಲ್ಲ ಎಂದಷ್ಟೇ.

ಆಗ ಅಷ್ಟು ಹೊತ್ತು ಸುಮ್ಮನಿದ್ದ ಆತನ ತಂದೆ ಎದ್ದರು. “ಇಲ್ಲಿ ಕುಂತು ಹೊಲ ನೋಡೂದ್ಯಾಕ? ಹೊಲಕ್ಕ ನಡೀರಿ” ಎಂದರು. ಬಿಸಿಲೇರುವ ಮೊದಲು ಎಲ್ಲರೂ ಹೋದರು. ಎರೆಮಣ್ಣು ಇಬ್ಬನಿಗೆ ಮೆತ್ತಗಾಗಿತ್ತು. ಅವರು ಒಡ್ಡಿನಿಂದ ಒಡ್ಡಿಗೆ ಬಗ್ಗಿ ನಡೆದರು. ಮೆತ್ತಗಿನ ಮಣ್ಣಿನಲ್ಲಿ ಗೊರಸು ಒಂದೂ ಇರಲಿಲ್ಲ. ಇದ್ದದ್ದು ಮೂರು ಬೆರಳಿನ, ನಡುವೆ ತೊಗಲು ಹೊದ್ದ ಪಾದಗಳು. ಸಾಲುಗಳ ನಡುವೆ ಬೆರಳುದ್ದದ, ತುದಿಗೆ ಬಿಳಿ ಬಡಿದ ಹಸಿರು ಹಿಕ್ಕೆ. ಕುರಿ ಕಡಲೆ ಗಿಡವನ್ನು ಬುಡಕ್ಕೆ ಹರಿದು ಎಳೆಯುತ್ತದೆ. ಇಲ್ಲಿ ತಡವಾಗಿ ಬಿತ್ತಿದ ಎಳೆಯ ಗಿಡಗಳ ಕುಡಿಯಷ್ಟೇ ಕತ್ತರಿಸಿದಂತೆ ಹೋಗಿತ್ತು.

“ಹೆಬ್ಬಾತು ಇಳದಾವೋ ಅಣ್ಣಾ” ಎಂದರು ತಂದೆ. “ಕುಡಿ ಚಿವುಟಾಕ ಆಳು ಹಚ್ಚಬೇಕಿತ್ತಲ್ಲ, ಕೂಲಿ ಇಲ್ಲದ ಚಿವುಟಿ ಹೋಗ್ಯಾವ. ಒಂದೀಟು ಹೆಚ್ಚಾತು, ಅಷ್ಟ.”

ಹೊಲದ ಯಜಮಾನರು ಬಹಳ ಹೊತ್ತು ಮಾತಾಡಲಿಲ್ಲ. ಕೊನೆಗೆ ಕುರಿಗಾರನ ಕಡೆ ತಿರುಗಿ, ಕಡಲೆ ತೆಗೆದ ಮೇಲೆ ತಮ್ಮ ಹೊಲದಲ್ಲಿ ಎರಡು ರಾತ್ರಿ ಕುರಿ ತರುಬು ಎಂದರು. ಅದು ಕ್ಷಮೆ ಕೇಳುವ ಅವರ ರೀತಿ. ಕುರಿಗಾರ ತಲೆಯಾಡಿಸಿದ. ಅದು ಒಪ್ಪಿಕೊಳ್ಳುವ ಅವನ ರೀತಿ.

ಸಂಜೆ ಮಗ ಒಂದು ಮಾತು ತೆಗೆದ. ಹೆಬ್ಬಾತುಗಳಿಗೇ ಯಂತ್ರ ಕಟ್ಟಿದರೆ ಹೇಗೆ? ಯಾವ ರಾತ್ರಿ ಯಾವ ಸರ್ವೆ ನಂಬರಿಗೆ ಇಳಿದವೆಂದು ದಾಖಲೆ ಇದ್ದರೆ ಕುರಿಗಾರನೂ ಬಚಾವು, ರೈತನೂ ತನ್ನ ನಷ್ಟ ಇಷ್ಟೆಂದು ತೋರಿಸಬಹುದು. 2000ದ ಮೇ ತಿಂಗಳವರೆಗೆ ಇದು ಆಗದ ಮಾತಾಗಿತ್ತು. ಅಮೆರಿಕ ಸರಕಾರ ಬೇಕೆಂದೇ ಜಿಪಿಎಸ್ ಸಂಕೇತ ಕೆಡಿಸುತ್ತಿದ್ದುದರಿಂದ ನೂರು ಮೀಟರಿನಷ್ಟು ತಪ್ಪು ಬರುತ್ತಿತ್ತು. ಒಬ್ಬರ ಕಡಲೆ ತಿಂದ ಹಕ್ಕಿ ನೆರೆಯವರ ಜೋಳದಲ್ಲಿ ಕಾಣುತ್ತಿತ್ತು. ಈಗ ಕೆಲವೇ ಮೀಟರಿಗೆ ಲೆಕ್ಕ ಸಿಗುತ್ತದೆ. ಜರ್ಮನಿಯ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯವರು ನಡೆಸುವ ‘ಮೂವ್‌ಬ್ಯಾಂಕ್’ ಎಂಬ ಕಣಜದಲ್ಲಿ ಜಗತ್ತಿನ ನಾನಾ ಪ್ರಾಣಿಪಕ್ಷಿಗಳ ಇಂತಹ ಹೆಜ್ಜೆಗಳು ಸೇರುತ್ತಿವೆ.

ತಂದೆ ಎಲ್ಲ ಕೇಳಿದರು. “ಅದನ್ನ ಯಾರ್ಯಾರು ನೋಡಬಹುದು?” ಎಂದರು.

ಮಗನಿಗೆ 2013ರ ಸುದ್ದಿ ನೆನಪಾಯಿತು. ಮಧ್ಯಪ್ರದೇಶದ ಪನ್ನಾದ ಹುಲಿಯೊಂದರ ಕೊರಳಪಟ್ಟಿಯ ಮಾಹಿತಿ ಬರುತ್ತಿದ್ದ ಇ-ಮೇಲ್ ಖಾತೆಗೆ ಯಾರೋ ಕನ್ನ ಹಾಕಲು ನೋಡಿದ್ದರು. ‘ಅದು ಈಗ ಎಲ್ಲಿದೆ’ ಎಂಬುದು ಕಾಯುವವನ ಪ್ರಶ್ನೆಯೂ ಹೌದು, ಕೊಲ್ಲುವವನ ಪ್ರಶ್ನೆಯೂ ಹೌದು. ಡೇಟಾಬೇಸು ಕೇಳಿದವರ ಮುಖ ನೋಡಿ ಉತ್ತರ ಕೊಡುವುದಿಲ್ಲ. ಮೂವ್‌ಬ್ಯಾಂಕಿನಲ್ಲೂ ಬೇಕಾದವರು ತಮ್ಮ ಮಾಹಿತಿಯನ್ನು ಮುಚ್ಚಿಡಲು ಬರುತ್ತದೆ. ಅದಕ್ಕೆ ಕಾರಣವಿದೆ.

“ಕುರಿಗಾರ ತನ್ನ ಫೋನು ತಾನಾಗಿ ಕೊಟ್ಟ. ಹೆಬ್ಬಾತು ಕೊಡಾಕ ಬರೂದಿಲ್ಲ” ಎಂದಷ್ಟು ಹೇಳಿ ತಂದೆ ದನಗಳಿಗೆ ಮೇವು ಹಾಕಲು ಎದ್ದರು. ಬೇಡ ಎಂದೂ ಹೇಳಲಿಲ್ಲ, ಆಗಲಿ ಎಂದೂ ಹೇಳಲಿಲ್ಲ.

ಅಮಾವಾಸ್ಯೆಯ ದಿನ ಚರಗ ಚೆಲ್ಲಲು ಮನೆಮಂದಿಯೆಲ್ಲ ಹೊಲಕ್ಕೆ ಹೋದರು. ಸಜ್ಜಿ ರೊಟ್ಟಿ, ಕಡುಬು, ಪಲ್ಯೆ, ಹಿಂಡಿ. ಭೂಮಿತಾಯಿಗೆಂದು ಹೊಲದ ನಾಲ್ಕೂ ಮಗ್ಗುಲಿಗೆ ಎಡೆ ಚೆಲ್ಲಿದರು. ಕುರಿಗಾರನಿಗೂ ಬುತ್ತಿ ಕಳಿಸಿದರು. ಚೆಲ್ಲಿದ್ದನ್ನು ಯಾರು ತಿಂದರೆಂದು ಈವರೆಗೆ ಯಾರೂ ಲೆಕ್ಕ ಇಟ್ಟಿಲ್ಲ.

ಬೆಂಗಳೂರಿಗೆ ಮರಳಿದ ಆತ ಮೊದಲು ಮಾಡಿದ ಕೆಲಸ ತಾನು ಬರೆದ ಹಳೆಯ ಸಾಲುಗಳನ್ನು ತೆಗೆದು ನೋಡಿದ್ದು. ಇಂದಿನ ತಂತ್ರಾಂಶಗಳಲ್ಲಿ ಇದಕ್ಕೆ ಅನುಕೂಲವಿದೆ. ಬ್ರಸೆಲ್ಸಿನ ವಿಶ್ವವಿದ್ಯಾಲಯದಲ್ಲಿ ಬೆಳೆದ ‘ಮೊಬಿಲಿಟಿಡಿಬಿ’ಯಂತಹ ತಂತ್ರಾಂಶ, ಚುಕ್ಕೆಗಳನ್ನು ನೆಟ್ಟಗೆ ಜೋಡಿಸುವುದನ್ನೂ ಬಲ್ಲದು, ಜೋಡಿಸದೆ ಬಿಡಿಬಿಡಿಯಾಗಿ ಇಡುವುದನ್ನೂ ಬಲ್ಲದು. ಯಾವುದು ಬೇಕೆಂದು ಬರೆಯುವವನೇ ಹೇಳಬೇಕು. ಅಂದರೆ ಆ ಗೆರೆ ಯಂತ್ರದ ತಪ್ಪಲ್ಲ. ಯಾರೋ ಒಬ್ಬರು ಎಳೆ ಎಂದದ್ದಕ್ಕೆ ಅದು ಎಳೆದದ್ದು.

ಆತ ವರದಿಯಲ್ಲಿ ಹೊಸದೊಂದು ಕಾಲಂ ಸೇರಿಸಿದ. ಚುಕ್ಕೆ ಚುಕ್ಕೆಗಳ ನಡುವೆ ಹೆಚ್ಚು ಹೊತ್ತು ಖಾಲಿ ಇದ್ದರೆ ಅಲ್ಲಿ ಗೆರೆ ಬರುವುದಿಲ್ಲ. ‘ತಿಳಿಯದು’ ಎಂಬ ಒಂದು ಮಾತು ಬರುತ್ತದೆ. ಮೇಲಿನವರು ಗೊಣಗಿದರು. ಗಿರಾಕಿಗಳು ದುಡ್ಡು ಕೊಡುವುದು ತಿಳಿಯಲಿಕ್ಕೇ ಹೊರತು ತ���ಳಿಯದು ಎನಿಸಿಕೊಳ್ಳಲಿಕ್ಕಲ್ಲ ಎಂದರು. ಬಹಳ ಚರ್ಚೆಯಾಗಿ ಕೊನೆಗೆ ಕಾಲಂ ಉಳಿಯಿತು. ಪಗಾರ ಹಿಡಿಸಿಕೊಂಡ ಆ ಡ್ರೈವರನ್ನು ಹುಡುಕಿದರೆ, ಅವನು ಆರು ತಿಂಗಳ ಹಿಂದೆಯೇ ಕೆಲಸ ಬಿಟ್ಟಿದ್ದ. ಎಲ್ಲಿ ಹೋದನೆಂದು ಯಾರ ಹತ್ತಿರವೂ ದಾಖಲೆ ಇರಲಿಲ್ಲ.

ಮಾರ್ಚಿನ ಕೊನೆಯಲ್ಲಿ ಊರಿನಿಂದ ಫೋನು ಬಂತು. ಕಡಲೆ ಕಿತ್ತು ಒಕ್ಕಿದ್ದಾಗಿತ್ತು. ಕುಡಿ ಹೋದ ಭಾಗದಲ್ಲಿ ಇಳುವರಿ ಸ್ವಲ್ಪ ಕಡಿಮೆ. ಕುರಿಗಾರ ಮಾತಿನಂತೆ ಎರಡು ರಾತ್ರಿ ತರುಬಿ ಮುಂಡರಗಿಯ ದಾರಿ ಹಿಡಿದಿದ್ದ. ಕೆರೆ ಖಾಲಿ.

“ಹೆಬ್ಬಾತು ಹೋದುವೋ ತಮ್ಮಾ. ಈಗ ಎಲ್ಲಿರಬಹುದು?”

“ತಿಳೀದಪಾ” ಎಂದ ಮಗ.

“ಹೋಗಲಿ ಬಿಡು, ನವೆಂಬರಿಗೆ ಬರ್ತಾವಲ್ಲ” ಎಂದರು ತಂದೆ.